ಅವಧಾನಭಕ್ತಿಯೂ ತರುಣರ ಮಧುಮೇಹವೂ

ಷಟ್‌ಸ್ಥಲಗಳಿಗೆ ಅನುಕ್ರಮವಾಗಿ ಆರು ವಿಧವಾದ ಭಕ್ತಿಗಳು ಹೇಳಲ್ಪಟ್ಟಿವೆ. ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಶ್ರದ್ಧೆ ನಿಷ್ಠೆಗಳ ಮಾತು ನಮ್ಮ ಮನೆಗಳಲ್ಲಿ ದಿನನಿತ್ಯವೂ ಉಂಟು. ಆನಂದ ಸಮರಸಗಳ ಮಾತನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಪ್ರಸಾದಿಸ್ಥಲದ ಅವಧಾನವು ಗೃಹಸ್ಥರ ಲಕ್ಷ್ಯಕ್ಕೆ ಅಷ್ಟಾಗಿ ಬಿದ್ದಂತೆ ಕಾಣುವುದಿಲ್ಲ. ಪ್ರಸಾದವೆಂದರೆ ಎಲೆಯ ಮೇಲೆ ಬಡಿಸಿದ ಅನ್ನ, ಪ್ರಸಾದಿಯೆಂದರೆ ಅದನ್ನು ಉಂಡವನು ಎಂಬಷ್ಟಕ್ಕೆ ನಮ್ಮ ತಿಳಿವಳಿಕೆ ನಿಂತುಬಿಟ್ಟಿದೆ.

ಶರಣರ ಅಭಿಪ್ರಾಯವು ಇದಕ್ಕಿಂತ ಸೂಕ್ಷ್ಮವಾದುದು. ಕಣ್ಣಿಗೆ ಬಂದ ರೂಪ, ನಾಲಗೆಗೆ ಬಂದ ರುಚಿ, ಮೂಗಿಗೆ ಬಂದ ಗಂಧ, ಇವೆಲ್ಲವನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ತಾನು ಸ್ವೀಕರಿಸುವವನು ಪ್ರಸಾದಿ. ಹಾಗೆ ಅರ್ಪಿಸಬೇಕಾದರೆ ವಸ್ತುವು ದೇಹವನ್ನು ಮುಟ್ಟುವ ಆ ಕ್ಷಣದಲ್ಲಿ ಮನಸ್ಸು ಎಚ್ಚರವಾಗಿರಬೇಕು. ಏನು ಬಂದಿತು, ಎಷ್ಟು ಬಂದಿತು, ಏತಕ್ಕಾಗಿ ಕೊಳ್ಳುತ್ತಿದ್ದೇನೆ ಎಂಬ ಅರಿವು ತಪ್ಪಬಾರದು. ಇದೇ ಅವಧಾನ.

ನಮ್ಮಲ್ಲಿ ಹೆಚ್ಚಿನವರಿಗೆ ಈ ಅವಧಾನವು ಸಾಧನೆಯ ಮಾತು. ಇಂದು ತಪ್ಪಿದರೆ ನಾಳೆ ನೋಡಿಕೊಳ್ಳಬಹುದು. ಆದರೆ ನಮ್ಮ ನಡುವಿನ ಕೆಲವು ಮಕ್ಕಳಿಗೂ ತರುಣರಿಗೂ ಇದು ಜೀವ ಉಳಿಯುವ ಮಾತಾಗಿದೆ. ತುಮಕೂರಿನ ಕಾಲೇಜಿಗೆ ಗುಬ್ಬಿಯಿಂದ ರೈಲಿನಲ್ಲೋ ಕುಣಿಗಲಿನಿಂದ ಬಸ್ಸಿನಲ್ಲೋ ಬಂದುಹೋಗುವ ಹುಡುಗ ಹುಡುಗಿಯರಲ್ಲಿ, ದಿನಕ್ಕೆ ಮೂರು ನಾಲ್ಕು ಬಾರಿ ಬೆರಳಿನಿಂದ ರಕ್ತದ ಹನಿ ತೆಗೆದು ಪರೀಕ್ಷಿಸಿಕೊಂಡು, ಅಷ್ಟೇ ಬಾರಿ ಇನ್ಸುಲಿನ್ ಚುಚ್ಚಿಕೊಂಡು, ಊಟದ ಪ್ರಮಾಣವನ್ನು ಎಣಿಸಿಕೊಂಡು ಬಾಳಬೇಕಾದವರಿದ್ದಾರೆ. ಒಂದು ದಿನ ಮಾಡುವುದು ಕಷ್ಟವಲ್ಲ, ಒಂದು ತಿಂಗಳೂ ಕಷ್ಟವಲ್ಲ. ಹತ್ತು ವರ್ಷಕಾಲ ಮನಸ್ಸು ಬೇಸರಗೊಳ್ಳದೆ ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ಮೊದಲು ರೋಗದ ಸ್ವರೂಪವನ್ನು ಅರಿಯುವುದು ಯುಕ್ತ. ಇದು ಹೊಸ ರೋಗವಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಎರಡಾಗಿ ವಿಭಾಗಿಸಿ, ಹುಟ್ಟಿನಿಂದ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು ಎಂದು ಹೇಳಿದೆ. ಇಂದಿನ ವೈದ್ಯಶಾಸ್ತ್ರವೂ ಮುಖ್ಯವಾಗಿ ಎರಡು ಬಗೆಗಳನ್ನು ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು ೧೦ ಕೋಟಿ ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಜನರದು ಎರಡನೆಯ ಬಗೆ. ಅದೂ ಈಚೆಗೆ ತರುಣ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತಿದೆ. ಮಕ್ಕಳಲ್ಲಿ ಮುಖ್ಯವಾಗಿ ಕಾಣಬರುವುದು ಮೊದಲನೆಯ ಬಗೆ. ಇದರಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಪಡಿಸಿಬಿಡುತ್ತದೆ. ಸಿಹಿ ತಿಂದದ್ದರಿಂದ ಇದು ಬಂದುದಲ್ಲ. ತಾಯಿಯ ಆರೈಕೆ ಸಾಲದೆ ಬಂದುದೂ ಅಲ್ಲ. ಅಜ್ಜನ ಸಕ್ಕರೆ ಕಾಯಿಲೆ ಮಾತ್ರೆಯಿಂದ ಹತೋಟಿಗೆ ಬಂದಿತಲ್ಲ, ಮೊಮ್ಮಗನಿಗೇಕೆ ಸೂಜಿ ಎಂದು ಕೇಳುವ ಹಿರಿಯರು ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರುಬಿಡುವ ಬಂಧುಗಳಿಗೂ ಒಂದು ಮಾತು. ಶ್ರೀಗುರುವಿನ ದೀಕ್ಷೆಯಿಂದ ಆಣವ, ಮಾಯಾ, ಕಾರ್ಮಿಕವೆಂಬ ಮೂರು ಮಲಗಳು ನೀಗಿ, ಈ ಕಾಯವೇ ಪ್ರಸಾದಕಾಯವಾಗುತ್ತದೆಂಬುದು ನಮ್ಮ ಸಿದ್ಧಾಂತ. ಕೊರಳಲ್ಲಿ ಲಿಂಗವಿರುವ ಮಗುವಿನೆದುರು ನಿಂತು, ನೀನು ಯಾವುದೋ ಪಾಪದ ಫಲವನ್ನು ಉಣ್ಣುತ್ತಿದ್ದೀಯೆ ಎನ್ನುವವರು ಆ ಸಿದ್ಧಾಂತವನ್ನೇ ಅಲ್ಲಗಳೆದಂತಾಯಿತು.

ಔಷಧದ ಚರಿತ್ರೆಯನ್ನು ಬಲ್ಲವರಿಗೆ ಸೂಜಿಯ ಮೇಲಿನ ಜುಗುಪ್ಸೆ ಅರ್ಧ ಕಡಮೆಯಾಗುತ್ತದೆ. ಕೆನಡಾ ದೇಶದ ಟೊರಾಂಟೋ ನಗರದಲ್ಲಿ ೧೯೨೧ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. ಅದಕ್ಕೆ ಮೊದಲು ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆಯೆಂದರೆ ಉಪವಾಸ; ಸಾವನ್ನು ಕೆಲವು ತಿಂಗಳು ಮುಂದೂಡುವುದಕ್ಕಾಗಿ ಮಗುವನ್ನು ಹಸಿವಿನಲ್ಲಿಡುತ್ತಿದ್ದರು. ೧೯೨೨ರ ಜನವರಿ ತಿಂಗಳಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಬಾಲಕನಿಗೆ ಮೊದಲ ಬಾರಿಗೆ ಅದನ್ನು ಚುಚ್ಚಿದರು. ಮೊದಲನೆಯ ಯತ್ನ ಫಲಿಸಲಿಲ್ಲ. ಹನ್ನೆರಡು ದಿನಗಳ ಮೇಲೆ, ಶುದ್ಧೀಕರಿಸಿದ ಔಷಧದಿಂದ ಮತ್ತೆ ಮಾಡಿದ ಯತ್ನ ಫಲಿಸಿತು. ಸಾಯಲಿದ್ದ ಬಾಲಕನು ಮತ್ತೆ ಹದಿಮೂರು ವರ್ಷ ಬದುಕಿದನು. ಬ್ಯಾಂಟಿಂಗರ ಜನ್ಮದಿನವಾದ ನವೆಂಬರ್ ೧೪ನ್ನು ಈಗ ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಅದು ಮಕ್ಕಳ ದಿನವೂ ಆಗಿರುವುದು ಆಕಸ್ಮಿಕವಾದರೂ ಅರ್ಥವತ್ತಾಗಿದೆ.

ಆಗ ಇನ್ಸುಲಿನ್ನನ್ನು ದನ ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ. ಆ ಸಂಗತಿಯನ್ನು ಕೇಳಿ ಈಗಲೂ ಅಳುಕುವ ಶಾಕಾಹಾರಿ ಕುಟುಂಬಗಳುಂಟು. ೧೯೮೨ರಿಂದ ಈಚೆಗೆ ಸೂಕ್ಷ್ಮಜೀವಿಗಳ ಮೂಲಕ ಮಾನವ ಇನ್ಸುಲಿನ್ನನ್ನು ತಯಾರಿಸುವ ವಿಧಾನ ಬಳಕೆಗೆ ಬಂದಿದೆ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ ೨೦೦೪ರಲ್ಲಿ ಯೀಸ್ಟ್ ಜಾತಿಯ ಜೀವಿಯಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಇಂಥದೇ. ಆದಕಾರಣ ಆಚಾರಭಂಗದ ಭಯಕ್ಕೆ ಇಲ್ಲಿ ಎಡೆಯಿಲ್ಲ. ಬೆರಳಿನ ರಕ್ತ ತೆಗೆದು ಪೂಜೆಗೆ ಕೂಡಬಹುದೇ ಎಂದು ಕೇಳುವವರೂ ಇದ್ದಾರೆ. ಪಂಚಸೂತಕಗಳನ್ನೇ ನಿರಾಕರಿಸಿದ ಧರ್ಮದಲ್ಲಿ ಹನಿ ರಕ್ತವು ಹೊಸ ಸೂತಕವಾಗಲಾರದು. ಕೈ ತೊಳೆದುಕೊಂಡರೆ ಸಾಕು. ಪರೀಕ್ಷೆಗೆ ಮೊದಲೂ ತೊಳೆದುಕೊಳ್ಳಬೇಕೆಂಬುದನ್ನು ಮರೆಯಬಾರದು, ಬೆರಳಿಗೆ ಅಂಟಿದ ಹಣ್ಣಿನ ರಸವೂ ಲೆಕ್ಕವನ್ನು ಕೆಡಿಸುತ್ತದೆ.

ಇನ್ನು ಮನಸ್ಸಿನ ವಿಷಯ. ರೋಗ ತಿಳಿದ ಹೊಸದರಲ್ಲಿ ಮನೆಯವರೆಲ್ಲರೂ ಜಾಗರೂಕರಾಗಿರುತ್ತಾರೆ. ಚಿಕಿತ್ಸೆ ಪ್ರಾರಂಭವಾದ ಮೇಲೆ ಕೆಲವರಲ್ಲಿ, ಅಳಿದುಳಿದ ಕಣಗಳು ಚೇತರಿಸಿಕೊಂಡು, ಕೆಲವು ವಾರ ಅಥವಾ ತಿಂಗಳ ಕಾಲ ಇನ್ಸುಲಿನ್ನಿನ ಅವಶ್ಯಕತೆ ಬಹಳ ಇಳಿಯುತ್ತದೆ. ಆಗ ರೋಗವೇ ಹೋಯಿತೆಂದು ಭ್ರಮಿಸಿ ಸೂಜಿ ನಿಲ್ಲಿಸುವುದುಂಟು. ಅದೇ ಸಮಯಕ್ಕೆ ಯಾರೋ ಕೊಟ್ಟ ಬೇರು, ಕಷಾಯಗಳಿಗೆ ಆ ಕೀರ್ತಿ ಹೋಗುವುದೂ ಉಂಟು. ಇದು ಪ್ರಾಣಾಂತಿಕವಾದ ಭ್ರಮೆ. ಇನ್ಸುಲಿನ್ ನಿಂತರೆ ರಕ್ತವು ಆಮ್ಲಗೊಂಡು, ವಾಂತಿ, ಹೊಟ್ಟೆನೋವು, ಏದುಸಿರು ಬಂದು, ಮಗು ಪ್ರಜ್ಞೆತಪ್ಪುತ್ತದೆ. ಇಂಥ ಲಕ್ಷಣಗಳು ಕಂಡ ಕೂಡಲೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಲಾಗದು; ಎಷ್ಟೆಂಬುದನ್ನು ವೈದ್ಯರು ಹೇಳಬೇಕು.

ಎರಡನೆಯ ಅಪಾಯ ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಬರುತ್ತದೆ. ಬೆಳವಣಿಗೆಯ ಆ ದಿನಗಳಲ್ಲಿ ದೇಹದೊಳಗಣ ರಸಗಳ ವ್ಯತ್ಯಾಸದಿಂದ ಇನ್ಸುಲಿನ್ ಮೊದಲಿನಂತೆ ಕೆಲಸಮಾಡುವುದಿಲ್ಲ. ನಿನ್ನೆ ಸಾಕಾದ ಪ್ರಮಾಣ ಇಂದು ಸಾಲದು. ಮಗು ಎಲ್ಲವನ್ನೂ ಸರಿಯಾಗಿ ಮಾಡಿದರೂ ಅಂಕಿ ಏರುತ್ತದೆ. ತಂದೆ ಗದರುತ್ತಾನೆ, ಕದ್ದು ತಿಂದೆಯಾ ಎಂದು ಕೇಳುತ್ತಾನೆ. ಮಾಡಿದರೂ ಬೈಗುಳ, ಮಾಡದಿದ್ದರೂ ಬೈಗುಳವೆಂದ ಮೇಲೆ ಮಾಡುವುದೇತಕ್ಕೆ? ಹೀಗೆ ಪರೀಕ್ಷೆಯನ್ನೇ ಬಿಡುತ್ತಾರೆ, ಇಲ್ಲವೇ ಪುಸ್ತಕದಲ್ಲಿ ಇಲ್ಲದ ಅಂಕಿಗಳನ್ನು ಬರೆದಿಡುತ್ತಾರೆ. ನಮ್ಮ ತರುಣರ ಉತ್ಸಾಹವನ್ನು ಕೊಂದದ್ದು ಸೂಜಿಯ ನೋವಿಗಿಂತ ಹೆಚ್ಚಾಗಿ ಈ ನ್ಯಾಯವಿಚಾರಣೆಯೇ ಎಂದು ನನ್ನ ಎಣಿಕೆ. ಅಂಕಿಯು ಶೀಲದ ಅಳತೆಯಲ್ಲ, ಮುಂದಿನ ಹೆಜ್ಜೆಗೆ ದಾರಿತೋರುವ ಗುರುತು ಅಷ್ಟೆ. ಕಾಲೇಜಿನಿಂದ ಬಂದ ಮಗಳನ್ನು ಬಾಗಿಲಲ್ಲಿಯೇ ನಿಲ್ಲಿಸಿ ಸಕ್ಕರೆ ಎಷ್ಟಿತ್ತೆಂದು ಕೇಳುವ ತಾಯಿಯು, ಹಸಿವಾಯಿತೇನವ್ವಾ ಎಂದು ಮೊದಲು ಕೇಳಿದರೆ, ಆ ಅಂಕಿಯೂ ತಾನಾಗಿಯೇ ಹೊರಬೀಳುತ್ತದೆ.

ಕಣ್ಣು ಹೋಗುತ್ತದೆ, ಮೂತ್ರಪಿಂಡ ಹೋಗುತ್ತದೆ ಎಂದು ಹೆದರಿಸುವುದು ಇನ್ನೊಂದು ವಾಡಿಕೆ. ಭಯದಿಂದ ಹುಟ್ಟಿದ ಶಿಸ್ತು ಭಯವಿರುವಷ್ಟು ಕಾಲ ಮಾತ್ರ. ಹದಿನೇಳು ವಯಸ್ಸಿನವನಿಗೆ ನಲವತ್ತರ ವಯಸ್ಸೇ ನಂಬಿಕೆಗೆ ದೂರವಾದುದು, ನಲವತ್ತರಲ್ಲಿ ಬರುವ ಕುರುಡು ಅವನನ್ನು ಎಷ್ಟು ದಿನ ಹೆದರಿಸೀತು? ಹಾಗಾದರೆ ಉತ್ಸಾಹವನ್ನು ನೆಚ್ಚೋಣವೇ? ಅದೂ ಏರಿಳಿಯತಕ್ಕದ್ದೇ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವನ್ನು ನೆನೆಯಬೇಕು.

ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ. ಇಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ಆಸೆಯ ನಿರಾಕರಣೆಯೆಂದು ಓದುತ್ತೇವೆ, ಸರಿಯೇ. ಆದರೆ ಅದರಲ್ಲಿ ಕಾಲದ ವಿಷಯವಾದ ಒಂದು ಉಪದೇಶವೂ ಅಡಗಿದೆ. ಇಂದಿನ ಕಾಯಕ ಇಂದಿಗೆ. ನಾಳೆಯದನ್ನು ಇಂದೇ ಆಯ್ದು ಹೊರತಕ್ಕದ್ದಲ್ಲ.

ವೈದ್ಯರ ಬಳಿಯಿಂದ ಹಿಂದಿರುಗಿದ ತರುಣನು ಆವೇಶದಲ್ಲಿ ಘೋರ ಪ್ರತಿಜ್ಞೆ ಮಾಡುತ್ತಾನೆ: ಇನ್ನು ಜೀವಮಾನವಿಡೀ ಸಿಹಿ ಮುಟ್ಟೆನು, ಒಂದು ಪರೀಕ್ಷೆಯನ್ನೂ ತಪ್ಪಿಸೆನು. ಇದು ಹತ್ತು ವರ್ಷದ ಅಕ್ಕಿಯನ್ನು ಒಂದೇ ದಿನ ಹೊತ್ತುಕೊಂಡಂತೆ. ಎಂಟನೆಯ ದಿನ ಯಾರದೋ ಮದುವೆ ಬರುತ್ತದೆ, ಪ್ರತಿಜ್ಞೆ ಮುರಿಯುತ್ತದೆ; ಮುರಿದದ್ದು ಮುರಿಯಿತಲ್ಲ ಎಂದು ಮಿಕ್ಕದ್ದನ್ನೂ ಕೈಬಿಡುತ್ತಾನೆ. ಲಕ್ಕಮ್ಮನ ಲೆಕ್ಕದಲ್ಲಿ ನಡೆಯುವವನಿಗೆ ಈ ಕಷ್ಟವಿಲ್ಲ. ಮಧ್ಯಾಹ್ನ ತಪ್ಪಿದರೆ ರಾತ್ರಿ ಮತ್ತೆ ಇದೆ. ರಾತ್ರಿಯ ಕಾಯಕಕ್ಕೆ ಮಧ್ಯಾಹ್ನದ ಬಾಕಿಯಿಲ್ಲ.

ಇದು ಕೇವಲ ಸಮಾಧಾನದ ಮಾತಲ್ಲವೆಂಬುದಕ್ಕೆ ಪ್ರಮಾಣವಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ೧೯೮೩ರಿಂದ ೧೯೯೩ರ ವರೆಗೆ, ೧೩ರಿಂದ ೩೯ ವಯಸ್ಸಿನ ೧೪೪೧ ಮಂದಿ ಮೊದಲನೆಯ ಬಗೆಯ ಮಧುಮೇಹಿಗಳನ್ನು ಎರಡು ತಂಡಗಳಾಗಿ ಮಾಡಿ ಪರೀಕ್ಷಿಸಿದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ತಂಡದಲ್ಲಿ, ಮೊದಲು ಕಣ್ಣಿನ ದೋಷವಿಲ್ಲದಿದ್ದವರಿಗೆ ಅದು ತಗಲುವ ಸಂಭವ ಸುಮಾರು ಮುಕ್ಕಾಲು ಪಾಲು ಇಳಿಯಿತು. ಮೂತ್ರಪಿಂಡ, ನರಗಳ ತೊಂದರೆಗಳೂ ಅರ್ಧಕ್ಕೂ ಹೆಚ್ಚುಕಡಮೆ ಇಳಿದುವು. ಅದಕ್ಕಿಂತ ಆಶ್ಚರ್ಯಕರವಾದುದು ಆಮೇಲೆ ಕಂಡುಬಂದಿತು. ಪರೀಕ್ಷೆ ಮುಗಿದ ಬಳಿಕ ಎರಡು ತಂಡಗಳ ಸಕ್ಕರೆಯೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬಂದಿತು. ಆದರೂ ಮೊದಲ ವರ್ಷಗಳಲ್ಲಿ ಚೆನ್ನಾಗಿ ನಡೆದುಕೊಂಡವರಿಗೆ ಅದರ ಫಲವು ಬಹುಕಾಲ ಉಳಿಯಿತು. ಅಂದರೆ ಚೆನ್ನಾಗಿ ಕಳೆದ ದಿನವನ್ನು ದೇಹವು ಮರೆಯುವುದಿಲ್ಲ. ಮುಂದೆ ಎಡವಿದರೂ ಹಿಂದೆ ನಡೆದದ್ದು ವ್ಯರ್ಥವಲ್ಲ. ಬೇಸತ್ತ ತರುಣನಿಗೆ ಕುರುಡಿನ ಚಿತ್ರಕ್ಕಿಂತ ಈ ಸಂಗತಿಯನ್ನು ಹೇಳುವುದು ಮೇಲು.

ದಿನದ ಕಾಯಕಕ್ಕೆ ಒಂದು ಆಸರೆಯೂ ಬೇಕು. ಲಿಂಗಧಾರಿಗಳಿಗೆ ಅದು ಮನೆಯಲ್ಲಿಯೇ ಇದೆ. ಸ್ನಾನ, ಪೂಜೆ, ಪ್ರಸಾದ ಎಂಬ ಕಟ್ಟು ಬಾಲ್ಯದಿಂದಲೂ ರೂಢಿಯಾಗಿರುವಾಗ, ಪರೀಕ್ಷೆಯನ್ನು ಪೂಜೆಗೆ ಮುಂಚೆ, ಸೂಜಿಯನ್ನು ಪ್ರಸಾದಕ್ಕೆ ಮುಂಚೆ ಸೇರಿಸಿಕೊಂಡರೆ, ನೆನಪಿಡುವ ಭಾರ ಅರ್ಧ ಇಳಿಯುತ್ತದೆ. ವೈದ್ಯರು ಹೇಳಿದ ಹೊತ್ತಿಗೆ ಇದನ್ನು ಹೊಂದಿಸಿಕೊಳ್ಳತಕ್ಕದ್ದು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರನ್ನು ನೆನೆಯುವಾಗ ನಾವು ಅವರ ತ್ರಿವಿಧ ದಾಸೋಹವನ್ನು ನೆನೆಯುತ್ತೇವೆ. ನೂರು ದಾಟಿದ ಮೇಲೂ ತಪ್ಪದ ಅವರ ಪೂಜೆಯ ನೇಮವೂ ಮಿತಾಹಾರವೂ ಆ ದಾಸೋಹದ ಅಸ್ತಿಭಾರಗಳಾಗಿದ್ದುವು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ೨೦೧೮ರ ಡಿಸೆಂಬರಿನಲ್ಲಿ, ೧೧೧ರ ವಯಸ್ಸಿನಲ್ಲಿ, ಅವರು ಚೆನ್ನೈ ನಗರದಲ್ಲಿ ಶಸ್ತ್ರಚಿಕಿತ್ಸೆಗೆ ಒಡಂಬಟ್ಟರು. ವೈದ್ಯವನ್ನು ಸ್ವೀಕರಿಸುವುದು ಭಕ್ತಿಗೆ ಕೊರತೆಯೆಂದು ಅವರು ತಿಳಿಯಲಿಲ್ಲ. ವೈದ್ಯ ಸಂಗಣ್ಣನೆಂಬ ಶರಣನ ಕಾಯಕವೇ ವೈದ್ಯವಾಗಿತ್ತಷ್ಟೆ.

ದೇಹದ ಚಿಂತೆ ಹೆಚ್ಚಾದರೆ ಆತ್ಮಚಿಂತೆ ಕುಗ್ಗದೇ ಎಂಬ ಶಂಕೆಯುಂಟು. ಗೋರಕ್ಷನು ಕಾಯವನ್ನು ವಜ್ರವಾಗಿಸಿಕೊಂಡು ಬೀಗಿದಾಗ ಪ್ರಭುದೇವರು ಅವನ ಗರ್ವವನ್ನು ಮುರಿದ ಕಥೆ ಪ್ರಭುಲಿಂಗಲೀಲೆಯಲ್ಲಿದೆ. ಅಲ್ಲಿ ಖಂಡಿಸಲ್ಪಟ್ಟದ್ದು ಕಾಯವೇ ಗುರಿಯೆಂಬ ಭಾವ. ನಮ್ಮ ತರುಣರು ವಜ್ರಕಾಯವನ್ನು ಬೇಡುತ್ತಿಲ್ಲ. ಓದಿಗೂ ದುಡಿಮೆಗೂ ಒದಗುವ ಕಾಯವನ್ನು ಬೇಡುತ್ತಿದ್ದಾರೆ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗಯತಿಗಳು ಮೈಮೇಲೆ ಹುತ್ತ ಬೆಳೆಯುವವರೆಗೆ ತಪೋಮಗ್ನರಾಗಿದ್ದರೆಂಬ ಐತಿಹ್ಯವನ್ನು ಕೇಳಿ ಬೆಳೆದವರು ನಾವು. ಆದರೆ ಅದೇ ಐತಿಹ್ಯದಲ್ಲಿ ಹುತ್ತದ ಮೇಲೆ ಹಾಲು ಕರೆದು ಹೋಗುತ್ತಿದ್ದ ಹಸುವೂ ಇದೆ. ದೇಹವನ್ನು ಮರೆತ ಯತಿಯ ದೇಹಕ್ಕೂ ಹೊತ್ತುಹೊತ್ತಿಗೆ ಆಹಾರ ಒದಗಿತೆಂಬುದನ್ನು ಕಥೆ ಹೇಳಿದವರು ಬಿಡಲಿಲ್ಲ.

ಆಹಾರದ ವಿಷಯದಲ್ಲಿ ನಮ್ಮ ಸೀಮೆಯ ಎರಡು ತಪ್ಪು ತಿಳಿವಳಿಕೆಗಳನ್ನು ಹೇಳಬೇಕು. ರಾಗಿಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದು ಎಂಬುದು ಮೊದಲನೆಯದು. ರಾಗಿಯಲ್ಲಿ ನಾರು, ಸುಣ್ಣದ ಅಂಶಗಳು ಹೆಚ್ಚು, ನಿಜ. ಆದರೂ ಅದು ಪಿಷ್ಟವೇ. ಪ್ರಶ್ನೆಯು ಮುದ್ದೆಯ ಗಾತ್ರದ್ದು. ಜೊತೆಗೆ ಅವರೆಕಾಳಿನ ಸಾರೋ ಸೊಪ್ಪಿನ ಪಲ್ಯವೋ ಧಾರಾಳವಾಗಿದ್ದರೆ ಒಳ್ಳೆಯದು. ಬೆಲ್ಲವು ಸಕ್ಕರೆಯಲ್ಲ ಎಂಬುದು ಎರಡನೆಯದು. ರಕ್ತವು ಈ ಭೇದವನ್ನು ಬಲ್ಲುದಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಕಾಲದಲ್ಲಿ ಎರಡು ತೊಳೆ ತಿನ್ನುವುದಕ್ಕೂ ಹನ್ನೆರಡು ತಿನ್ನುವುದಕ್ಕೂ ಇರುವ ಅಂತರವೇ ಅವಧಾನ. ಕ್ಯಾತಸಂದ್ರದ ತಟ್ಟೆ ಇಡ್ಲಿಯನ್ನು ಕುರಿತು ನಾನು ಕಠಿಣವಾಗಿ ಬರೆಯಲಾರೆ. ಒಂದಕ್ಕೆ ನಿಲ್ಲಿಸಿ, ಅದಕ್ಕೆ ತಕ್ಕ ಇನ್ಸುಲಿನ್ ತೆಗೆದುಕೊಂಡರೆ ಆಯಿತು.

ಮನೆಯ ಹಿರಿಯರು ಮಾಡತಕ್ಕ ದೊಡ್ಡ ಉಪಕಾರವೆಂದರೆ ಮುಚ್ಚಿಡದಿರುವುದು. ಹೆಣ್ಣುಮಕ್ಕಳ ವಿಷಯದಲ್ಲಿ, ಸಂಬಂಧ ತಪ್ಪೀತೆಂಬ ಭಯದಿಂದ, ನೆಂಟರ ಮುಂದೆ ಸೂಜಿ ತೆಗೆಯಬೇಡವೆಂದು ಹೇಳುವುದುಂಟು. ಆ ಹುಡುಗಿ ಮದುವೆಮನೆಗಳಲ್ಲಿ ಸೂಜಿ ತಪ್ಪಿಸಿ ಊಟಮಾಡುತ್ತಾಳೆ. ತಾನು ನಾಚಿಕೆಪಡತಕ್ಕ ವಸ್ತುವೆಂದು ಕಲಿಯುತ್ತಾಳೆ. ತಕ್ಕ ಚಿಕಿತ್ಸೆಯಲ್ಲಿರುವ ಮಧುಮೇಹಿ ಸ್ತ್ರೀಯರು ಓದಿ, ದುಡಿದು, ಮದುವೆಯಾಗಿ, ಆರೋಗ್ಯವಂತ ಮಕ್ಕಳನ್ನು ಹೆತ್ತು ಬಾಳುತ್ತಿದ್ದಾರೆ. ಸತ್ಯವನ್ನು ಮುಂಚಿತವಾಗಿ ಹೇಳಿ ತಪ್ಪಿದ ಸಂಬಂಧವು ತಪ್ಪಿದ್ದೇ ಲೇಸು. ಇನ್ಸುಲಿನ್ನಿಗೂ ಪರೀಕ್ಷಾಪಟ್ಟಿಗಳಿಗೂ ತಗಲುವ ವೆಚ್ಚ ಭಾರವಾದವರು ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿಯೂ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೂ ವಿಚಾರಿಸತಕ್ಕದ್ದು. ಬೆಂಗಳೂರಿನಲ್ಲಿ ಸರ್ಕಾರದ ಅಂತಃಸ್ರಾವಶಾಸ್ತ್ರ ಸಂಶೋಧನಾ ಸಂಸ್ಥೆಯೂ ಇದೆ. ಶೀತಕಯಂತ್ರವಿಲ್ಲದ ಮನೆಯಲ್ಲಿ, ಒಂದು ಮಣ್ಣಿನ ಕುಡಿಕೆಯನ್ನು ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯೊಳಗಿಟ್ಟು, ನೆರಳಿನಲ್ಲಿ, ನೀರು ತಾಗದಂತೆ ಔಷಧವನ್ನು ಕಾಪಾಡಬಹುದು. ಹಿಮಗಟ್ಟುವ ಪೆಟ್ಟಿಗೆಯಲ್ಲಿ ಮಾತ್ರ ಇಡಲೇಬಾರದು.

ಕೊನೆಯದಾಗಿ ಪಂಕ್ತಿಯ ಪ್ರಶ್ನೆ. ಎಡೆಯೂರಿನ ಜಾತ್ರೆಯಲ್ಲೋ ಸಿದ್ಧಗಂಗೆಯ ದಾಸೋಹದಲ್ಲೋ ಕುಳಿತ ತರುಣನಿಗೆ ಸಂಕಟವಾಗುವುದು ಇಲ್ಲಿಯೇ. ಪ್ರಸಾದವನ್ನು ಬೇಡವೆನ್ನಬಾರದು, ಎಲೆಯ ಮೇಲೆ ಬಿದ್ದುದನ್ನು ಬಿಡಲೂಬಾರದು. ಹಾಗಾದರೆ ಬಡಿಸಿದ ಪಾಯಸವನ್ನೆಲ್ಲ ಉಣ್ಣಬೇಕೇ? ಇದಕ್ಕೆ ಉತ್ತರವು ಪ್ರಸಾದಿಯ ನಡೆಯಲ್ಲಿಯೇ ಇದೆ. ಎಲೆಗೆ ಬೀಳುವುದಕ್ಕೆ ಮೊದಲೇ ಕೈ ಅಡ್ಡ ಹಿಡಿದು, ಒಂದು ಚಮಚೆ ಸಾಕು ಎಂದು ಹೇಳತಕ್ಕದ್ದು. ಬಡಿಸುವವರು, ಪ್ರಸಾದ, ಬೇಡವೆನ್ನಬಾರದಪ್ಪಾ ಎಂದು ಸುರಿಯತಕ್ಕದ್ದಲ್ಲ. ಒಂದು ಚಮಚೆಯಲ್ಲಿಯೂ ಪ್ರಸಾದತ್ವವು ಪೂರ್ಣವಾಗಿಯೇ ಇದೆ. ಅದು ಅಳತೆಯಿಂದ ಹೆಚ್ಚು ಕಡಮೆಯಾಗುವ ವಸ್ತುವಲ್ಲ. ಪಂಕ್ತಿ ಹತ್ತಿರ ಬಂದಾಗ ಸೂಜಿ ತೆಗೆದುಕೊಳ್ಳಬೇಕೇ ಹೊರತು, ಸೂಜಿ ಚುಚ್ಚಿಕೊಂಡು ಎರಡು ತಾಸು ಸಾಲಿನಲ್ಲಿ ಕಾಯಬಾರದು.

ಶಿವರಾತ್ರಿಯ ಉಪವಾಸ ಜಾಗರಣೆಗಳಿಗೆ ಮುಂಚಿತವಾಗಿ ವೈದ್ಯರ ಅಪ್ಪಣೆ ಬೇಕು. ಅವರು ಬೇಡವೆಂದರೆ ಉಪವಾಸವಿಲ್ಲ. ಎಂದೇ ಆಗಲಿ ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾದರೆ, ಅಥವಾ ಸಕ್ಕರೆ ೭೦ಕ್ಕಿಂತ ಕೆಳಗಿಳಿದರೆ, ಕೂಡಲೆ ಮೂರು ಚಿಕ್ಕ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ೧೫ ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕುಡಿಯತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ, ಆಸ್ಪತ್ರೆಗೆ ಒಯ್ಯಬೇಕು. ಜಾತ್ರೆಗೆ ಹೊರಟ ಮಗನ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವೊಂದು ಇದೆಯೇ, ಅದು ಅಲ್ಲಿರುವುದು ಜೊತೆಯ ಗೆಳೆಯನಿಗೆ ಗೊತ್ತೇ ಎಂದು ಮನೆಯವರು ಹೊಸ್ತಿಲಲ್ಲಿಯೇ ಕೇಳಿಕೊಳ್ಳಲಿ.